ಸುಡದ ಮೋಟರಿಗೆ ಸಂಬಳ ಕಡಿತ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ಕಪ್ಪು ಒಡೆದರೆ ಸಂಬಳದಲ್ಲಿ ಮುರಿಯುವ ಪದ್ಧತಿ ನಿಮಗೆಲ್ಲ ಗೊತ್ತೇ ಇದೆ. ಒಡೆದವನು ಯಾರೇ ಇರಲಿ, ಆ ಹೊತ್ತಿಗೆ ಮೋರಿಯ ಹತ್ತಿರ ನಿಂತವನ ಲೆಕ್ಕಕ್ಕೆ ಬರೆಯುತ್ತಾರೆ. ಏಳನೆಯ ತರಗತಿ ಬಿಟ್ಟು ಮುಂಬಯಿಗೆ ಬಂದ ವರ್ಷ ನಾನೂ ಹಾಗೆ ಎಷ್ಟೋ ಕಪ್ಪುಗಳ ಬೆಲೆ ತೆತ್ತವನು. ಆದರೆ ಇಂದು ಹೇಳಹೊರಟದ್ದು ಕಪ್ಪಿನ ಮಾತಲ್ಲ, ದೋಣಿಯ ಎಂಜಿನಿನ ಮಾತು. ಸಂಘದ ಸಭೆಯಲ್ಲಿ ದೋಣಿ ಎಲ್ಲಿಂದ ಬಂತೆಂದು ನಗಬೇಡಿ. ಲೆಕ್ಕ ಬರೆಯುವ ರೀತಿ ಎರಡರಲ್ಲೂ ಒಂದೇ.

ರಾಯಗಡ ಜಿಲ್ಲೆಯ ಕಡಲತೀರದ ಒಂದು ಹೋಟೆಲಿನಲ್ಲಿ ಬೈಂದೂರು ಕಡೆಯ ನಮ್ಮ ಹುಡುಗನೊಬ್ಬನಿದ್ದಾನೆ. ಟೇಬಲ್ ಒರೆಸಲು ಸೇರಿದವನನ್ನು, ಕಡಲೂರಿನವನು, ಈಜು ಬಲ್ಲವನು ಎಂದು ಗಿರಾಕಿಗಳನ್ನು ಸುತ್ತಾಡಿಸುವ ದೋಣಿಗೆ ಹಾಕಿದರು. ದೋಣಿಗೆ ಕಟ್ಟಿದ್ದು ಹಳೆಯ ಔಟ್‌ಬೋರ್ಡ್ ಎಂಜಿನು, ಅರುವತ್ತು ಕುದುರೆ ಶಕ್ತಿಯದು. ಒಂದು ದಿನ ದಡಕ್ಕೆ ಬರುವಾಗ ಗುಂಡಿ ಒತ್ತಿದರೂ ಎಂಜಿನು ಮೇಲೇಳಲಿಲ್ಲ. ಪ್ರೊಪೆಲ್ಲರ್ ಮರಳಿಗೆ ತಾಗಿ ಅದರ ಎಲೆ ಮಡಚಿತು. "ಗುಂಡಿಯನ್ನು ಒತ್ತಿ ಹಿಡಿದೇ ಇದ್ದೆ, ಪಂಪಿನ ಮೋಟರು ಸುಟ್ಟುಹೋಯಿತು, ಅದರ ಬೆಲೆ ನಿನ್ನದು" ಎಂದರು ಮಾಲಿಕರು. ಮೂರು ತಿಂಗಳು ಅರ್ಧ ಸಂಬಳವೆಂದು ಗೊತ್ತುಮಾಡಿ ಮೊದಲ ತಿಂಗಳಿನದನ್ನು ಮುರಿದೂಬಿಟ್ಟರು. ಮೋಟರನ್ನು ಬಿಚ್ಚಿ ನೋಡಿದವರು ಮಾತ್ರ ಯಾರೂ ಇಲ್ಲ!

ಸಸೂನ್ ಡಾಕಿನ ಕಡೆ ದೋಣಿ ಎಂಜಿನುಗಳನ್ನು ರಿಪೇರಿ ಮಾಡುವ ಮಲ್ಪೆಯ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ನಾನು ಹೋದೆ. ನನಗೆ ಭಟ್ಟಿ ಗೊತ್ತು, ದೋಣಿ ಗೊತ್ತಿಲ್ಲ. ಅಲ್ಲಿ ಕಂಡದ್ದನ್ನೂ ಅವರಿಂದ ಕೇಳಿ ಕಲಿತದ್ದನ್ನೂ ಹೇಳುತ್ತೇನೆ. ಊರಿಗೆ ಹೋದಾಗ ದೋಣಿ ಹತ್ತುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಕಚ್ಚಿಸಿದ ಎಂಜಿನು. ಅದರ ಕಾಲು ನೀರಿನಲ್ಲಿ, ಕಾಲಿನ ತುದಿಯಲ್ಲಿ ಪ್ರೊಪೆಲ್ಲರ್. ಓಡುವಾಗ ಕಾಲನ್ನು ತುಸು ಹೊರಕ್ಕೆ ತಳ್ಳಿದರೆ ದೋಣಿಯ ಮೂತಿ ಏಳುತ್ತದೆ, ಒಳಕ್ಕೆ ಎಳೆದರೆ ತಗ್ಗುತ್ತದೆ. ದಡಕ್ಕೆ ಬರುವಾಗ ಕಾಲನ್ನು ಪೂರ್ತಿ ನೀರಿನಿಂದ ಮೇಲೆತ್ತಬೇಕು. ಸಣ್ಣ ಎಂಜಿನನ್ನು ಕೈಯಿಂದಲೇ ಎತ್ತಬಹುದು. ನೂರು ಕಿಲೋದ ಆಸುಪಾಸಿನದನ್ನು ಎತ್ತಲು ಪವರ್ ಟ್ರಿಮ್ ಇಟ್ಟಿರುತ್ತಾರೆ: ಹನ್ನೆರಡು ವೋಲ್ಟಿನ ಸಣ್ಣ ಮೋಟರು, ಅದು ತಿರುಗಿಸುವ ಎಣ್ಣೆಯ ಪಂಪು, ಎಣ್ಣೆಯ ಒತ್ತಡಕ್ಕೆ ಚಾಚುವ ಉಕ್ಕಿನ ದಂಡಗಳು. ಮೋಟರು ಒಂದು ಕಡೆ ತಿರುಗಿದರೆ ಎಂಜಿನು ಏಳುತ್ತದೆ, ಹಿಂದುಮುಂದಾಗಿ ತಿರುಗಿದರೆ ಇಳಿಯುತ್ತದೆ. ಬೆರಳಿನ ಗುಂಡಿಗೆ ಅಷ್ಟು ಕರೆಂಟು ಹೊರುವ ತ್ರಾಣವಿಲ್ಲದ ಕಾರಣ ನಡುವೆ ಎರಡು ರಿಲೇ. ಒಂದು ಏರಲು, ಒಂದು ಇಳಿಯಲು. ಬಹಳ ಕಂಪೆನಿಗಳ ಹಳೆಯ ಎಂಜಿನುಗಳಲ್ಲಿ ಏರುವುದಕ್ಕೆ ನೀಲಿ ತಂತಿ, ಇಳಿಯುವುದಕ್ಕೆ ಹಸುರು.

ನಾವು ಹೋದಾಗ ಎಂಜಿನು ಮೇಲೆತ್ತಿದ ಸ್ಥಿತಿಯಲ್ಲಿತ್ತು. ಹುಡುಗರು ನಾಲ್ವರು ಸೇರಿ ಎತ್ತಿ ತಡೆಕೊಕ್ಕೆಗೆ ನಿಲ್ಲಿಸಿದ್ದರಂತೆ. ನಾನು ಬಗ್ಗಿ ಅದರ ಕೆಳಗೆ ತಲೆ ಹಾಕಿದೆ. ಮೇಸ್ತ್ರಿ ನನ್ನ ಅಂಗಿ ಹಿಡಿದು ಹಿಂದಕ್ಕೆಳೆದರು. "ಕೊಕ್ಕೆ ಜಾರಿದರೆ ನಿಮ್ಮ ಸಂಘಕ್ಕೆ ಬೇರೆ ಕಾರ್ಯದರ್ಶಿ ಬೇಕಾಗುತ್ತದೆ" ಎಂದರು. ಕೊಕ್ಕೆಯನ್ನು ಮಾತ್ರ ನಂಬದೆ ಮರದ ದಿಮ್ಮಿ ಕೊಟ್ಟು ಹಗ್ಗ ಬಿಗಿದ ಮೇಲೆಯೇ ಕೈಹಾಕಿದರು. ಪೆಟ್ರೋಲಿನ ಟ್ಯಾಂಕನ್ನೂ ದೂರ ಇಡಿಸಿದರು, ಕಿಡಿ ಹಾರಬಹುದೆಂದು. ಆ ಹುಡುಗ ಎಷ್ಟು ದಿನ ಅದರ ಅಡಿಯಲ್ಲಿ ಕೂತು ಪಾಚಿ ಕೆರೆದಿದ್ದನೋ, ಯಾರೂ ಅವನಿಗೆ ಇದನ್ನು ಹೇಳಿರಲಿಲ್ಲ.

ಮೊದಲು ಅವರು ಮಾಡಿದ್ದು ಕಿವಿಗೊಟ್ಟು ಕೇಳುವ ಕೆಲಸ. ಗುಂಡಿ ಒತ್ತಿದಾಗ ಏನೂ ಸದ್ದಿಲ್ಲವೆಂದರೆ ಫ್ಯೂಸು, ಗುಂಡಿ, ಅದರ ತಂತಿ ನೋಡಬೇಕು. 'ಟಕ್' ಎಂದು ರಿಲೇ ಸದ್ದಾಗಿ ಮೋಟರು ತಿರುಗದಿದ್ದರೆ ರಿಲೇ, ದಪ್ಪ ತಂತಿ ಅಥವಾ ಮೋಟರು. ಮೋಟರು ಗುಂಯ್ ಎಂದರೂ ಎಂಜಿನು ಕದಲದಿದ್ದರೆ ತೊಂದರೆ ಎಣ್ಣೆಯ ಕಡೆಗೆ. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದೇನು ಹೊಸತಲ್ಲ. ಸಾಂಚಾ ನಿಂತರೆ ಮೊದಲು ಪಟ್ಟಾ ಕಳಚಿದೆಯೋ ನೋಡುತ್ತಿದ್ದಿರಿ, ಸಾಂಚಾವನ್ನೇ ಬದಲಿಸುತ್ತಿರಲಿಲ್ಲ.

ಇಲ್ಲಿ ಎರಡೂ ಕಡೆ ಟಕ್ ಎಂದಿತು, ಮೋಟರು ಸುಮ್ಮನಿತ್ತು. ಬ್ಯಾಟರಿ 12.5 ವೋಲ್ಟ್ ತೋರಿಸಿತು, ಗುಂಡಿ ಒತ್ತಿದಾಗಲೂ ಇಳಿಯಲಿಲ್ಲ. ಅಂದರೆ ಮೋಟರು ಕರೆಂಟು ಎಳೆಯುತ್ತಲೇ ಇಲ್ಲ. ಏರುವುದು ಮಾತ್ರ ಅಥವಾ ಇಳಿಯುವುದು ಮಾತ್ರ ನಿಂತಿದ್ದರೆ ಎರಡು ರಿಲೇಗಳನ್ನು ಅದಲು ಬದಲು ಮಾಡಿ ನೋಡುವ ಸುಲಭದ ಉಪಾಯವಿದೆ. ಕಾಯಿಲೆ ಇನ್ನೊಂದು ಕಡೆಗೆ ದಾಟಿದರೆ ರಿಲೇಯದೇ ತಪ್ಪು. ಎರಡೂ ನಿಂತಾಗ ಎರಡಕ್ಕೂ ಸೇರಿದ ಯಾವುದೋ ಒಂದನ್ನು ಹುಡುಕಬೇಕು.

ಆಗ ಮೇಸ್ತ್ರಿ ಮಾಲಿಕರನ್ನೇ ಕರೆಸಿದರು. ಮೋಟರಿನ ಎರಡು ತಂತಿಗಳನ್ನು ಕಳಚಿ, ಫ್ಯೂಸು ಹಾಕಿದ ಬೇರೆ ತಂತಿಗಳಿಂದ ಬ್ಯಾಟರಿಗೆ ನೇರ ಕೊಟ್ಟು ಒಂದು ಕ್ಷಣ ಮುಟ್ಟಿಸಿದರು. ಗುಂಯ್! ತಂತಿ ಬದಲಿಸಿ ಮುಟ್ಟಿಸಿದರು. ಹಿಂದುಮುಂದಾಗಿ ಗುಂಯ್! ಸುಟ್ಟಿತೆಂದು ಬೆಲೆ ಕಟ್ಟಿದ್ದ ಮೋಟರು ಅವರ ಕಣ್ಣೆದುರೇ ತಿರುಗಿತು. ಮಾಲಿಕರು ಏನೂ ಮಾತಾಡಲಿಲ್ಲ. ಗಲ್ಲಾದ ಕಡೆ ಹೋಗಿ ಚಹಾ ಕಳಿಸಿದರು.

ಇನ್ನುಳಿದದ್ದು ದಪ್ಪ ಕಪ್ಪು ತಂತಿ. ರಿಲೇ ಟಕ್ ಅನ್ನಲು ಬೇಕಾದ ತೆಳು ತಂತಿ ಬೇರೆ, ಮೋಟರಿನ ಭಾರ ಹೊತ್ತು ಬ್ಯಾಟರಿಗೆ ಮರಳುವ ತಂತಿ ಬೇರೆ. ಬಲ್ಬಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ರಿಲೇಯ ಬುಡದಲ್ಲಿ ಆ ಕಪ್ಪು ತಂತಿಗೂ ಹಿಡಿದರು. ಹತ್ತಲಿಲ್ಲ. ತುದಿಯ ರಬ್ಬರ್ ಸೀಳಿದರೆ ತಾಮ್ರವೆಲ್ಲ ಹಸುರು ಕಿಲುಬಿನ ಪುಡಿ. ಉಪ್ಪುನೀರಿನ ಕೆಲಸ. ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ಕಿವಿ ಒತ್ತಿ, ಗ್ರೀಸು ಸವರಿದರು. ಗುಂಡಿ ಒತ್ತಿದಾಗ ಮೋಟರು ಹಾಡಿತು. ಆದರೆ ಎಂಜಿನು ಏಳಲಿಲ್ಲ!

ನನ್ನ ಎದೆ ಧಸಕ್ಕೆಂದಿತು. ಮಾಲಿಕರ ಮುಖ ಅರಳಿತೆಂದು ಬೇರೆ ಹೇಳಬೇಕೆ? ಮೇಸ್ತ್ರಿ ಹುಡುಗರತ್ತ ತಿರುಗಿ, "ಕೈಯಿಂದ ಎತ್ತುವಾಗ ಬದಿಯ ತಿರುಪನ್ನು ಸಡಿಲಿಸಿದ್ದಿರಲ್ಲ, ಮತ್ತೆ ಬಿಗಿದಿರಾ?" ಎಂದು ಕೇಳಿದರು. ಯಾರೂ ಬಿಗಿದಿರಲಿಲ್ಲ. ಎಣ್ಣೆಯನ್ನು ಒತ್ತಡವಿಲ್ಲದೆ ಹಾಯಬಿಡುವ ತಿರುಪು ಅದು. ತೆರೆದಿದ್ದರೆ ಪಂಪು ಎಷ್ಟು ದೂಡಿದರೂ ವ್ಯರ್ಥ. ಎತ್ತಿದ ಎಂಜಿನಿನಲ್ಲಿ ಆಧಾರ ಕೊಡದೆ ಅದನ್ನು ಸಡಿಲಿಸಿದರೆ ಇಡೀ ಎಂಜಿನು ಧೊಪ್ಪೆಂದು ಬೀಳುತ್ತದೆ. ಬಿಗಿದ ಮೇಲೆ ಎಂಜಿನು ಎದ್ದಿತು, ತಡೆತಡೆದು. ಪೂರ್ತಿ ಎದ್ದ ಮೇಲೆ ಆಧಾರ ಕೊಟ್ಟು ಎಣ್ಣೆಯ ಬಿರಡೆ ತೆಗೆದರು. ಎಂಜಿನು ತಗ್ಗಿರುವಾಗ ತೆಗೆದರೆ ಎಣ್ಣೆ ಮುಖಕ್ಕೆ ಚಿಮ್ಮಬಹುದು. ಮಟ್ಟ ಕಡಿಮೆಯಿತ್ತು. ತುಂಬಿಸಿ, ನಾಲ್ಕೈದು ಸಲ ಏರಿಸಿ ಇಳಿಸಿ ಗಾಳಿ ಹೊರಡಿಸಿ, ಮತ್ತೆ ಮಟ್ಟ ನೋಡಿದರು. ಎಣ್ಣೆ ಹಾಲಿನಂತೆ ಬಿಳಿಚಿದ್ದರೆ ನೀರು ಸೇರಿದೆಯೆಂದು ಅರ್ಥ. ರಾತ್ರಿ ಎತ್ತಿಟ್ಟದ್ದು ಬೆಳಿಗ್ಗೆ ತಾನಾಗಿ ತಗ್ಗಿದ್ದರೆ ಒಳಗೆ ಸೀಲೋ ಕವಾಟವೋ ಸೋರುತ್ತಿದೆ. ಅದಕ್ಕೆ ತಂತಿ ಹುಡುಕಿ ಫಲವಿಲ್ಲ.

ಖರ್ಚಾದದ್ದು ಒಂದು ತಾಮ್ರದ ಕಿವಿ, ಒಂದಿಷ್ಟು ಎಣ್ಣೆ. ಮೇಸ್ತ್ರಿ ಕೂಲಿ ಕೇಳಲಿಲ್ಲ, ಊಟ ಮಾಡಿದರು.

ನಷ್ಟಕ್ಕಾಗಿ ಸಂಬಳ ಮುರಿಯಬೇಕಾದರೆ ನೌಕರನ ಅಲಕ್ಷ್ಯವೇ ಕಾರಣವಾಗಿರಬೇಕು, ಅವನಿಗೆ ಉತ್ತರ ಹೇಳಲು ಅವಕಾಶ ಕೊಡಬೇಕು, ಆದ ನಷ್ಟಕ್ಕಿಂತ ಹೆಚ್ಚು ಮುರಿಯಕೂಡದು. 1936ರ ವೇತನ ಪಾವತಿ ಕಾಯಿದೆಯಲ್ಲೂ ಇದಿತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಕಾಯಿದೆಯ ಹಾಳೆ ನನ್ನ ಚೀಲದಲ್ಲೇ ಇತ್ತು, ಆದರೆ ಅಲ್ಲಿ ವಾದ ಗೆದ್ದದ್ದು ತಿರುಗಿದ ಆ ಮೋಟರು. ಮುರಿದಿದ್ದ ಅರ್ಧ ಸಂಬಳ ಅಂದೇ ಸಂಜೆ ಹುಡುಗನ ಕೈಸೇರಿತು.

ಪ್ರೊಪೆಲ್ಲರಿನ ಬೆಲೆಯನ್ನು ಮಾತ್ರ ಅವರು ಬಿಟ್ಟಿಲ್ಲ. ತಂತಿ ಕಿಲುಬಿದ್ದು ಯಾರ ಅಲಕ್ಷ್ಯ ಎಂದು ನಾವು ಕೇಳಿದ್ದೇವೆ, ಉತ್ತರ ಬಂದಿಲ್ಲ. ಬರುವ ಮಂಗಳವಾರ ಮತ್ತೆ ಹೋಗುವುದಿದೆ. ರಜೆ ಇದ್ದವರು ಬೆಳಗಿನ ಮೊದಲ ದೋಣಿಗೆ ಗೇಟ್‌ವೇ ಹತ್ತಿರ ಬಂದು ಸೇರಿ.