ಪೇಟೆಯ ನಡುವೆ ಒಂದು ಸಭೆ

ಹಲವು ಜಾತಿ, ಹಲವು ನುಡಿ, ಹಲವು ಕಸುಬು ಕಲೆತ ಪೇಟೆಯೊಳಗೆ ಒಂದು ಕ್ರೈಸ್ತ ಸಭೆ ಹುಟ್ಟುವುದು ಹೇಗೆ, ಹುಟ್ಟಿದ ಮೇಲೆ ನಿಲ್ಲುವುದು ಹೇಗೆ ಎಂಬುದು ಇಂದಿನ ಮಾತು. ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಚಳ್ಳಕೆರೆಯಿಂದ ಹೊರಟು ರಾಂಪುರ ದಾಟಿ ಬಳ್ಳಾರಿ ಸೇರಿದರೆ ಸಾಕು.

1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ದಂಡು ಬಂದು ನೆಲೆ ಊರಿತು, ದಂಡಿನ ಬೆನ್ನಿಗೆ ಬಜಾರು ಬೆಳೆಯಿತು. ಕನ್ನಡ, ತೆಲುಗು ಮೊದಲೇ ಇದ್ದವು. ಸಿಪಾಯಿಗಳ ಮತ್ತು ಆಳುಕಾಳುಗಳ ಸಂಸಾರಗಳ ಜೊತೆ ತಮಿಳು ಬಂತು, ದಖನಿ ಉರ್ದು ಬಂತು, ಅಧಿಕಾರಿಗಳ ಜೊತೆ ಇಂಗ್ಲಿಷು. ಇಂಥ ಊರಿಗೆ 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಂದರು. ಮಿಷನರಿಗಳೆಂದರೆ ಆಗ ಕಂಪನಿ ಸರ್ಕಾರಕ್ಕೇ ಅನುಮಾನ. ಅವರಿಗೆ ಕಾನೂನಿನ ದಾರಿ ತೆರೆದದ್ದು 1813ರ ಚಾರ್ಟರ್ ಕಾಯಿದೆಯಿಂದ.

ಹ್ಯಾಂಡ್ಸ್ ಅವರು ಕನ್ನಡ ಕಲಿಯಲು ಕೂತಾಗ ಅಚ್ಚಾದ ಕನ್ನಡ ವ್ಯಾಕರಣ ಒಂದೂ ಇರಲಿಲ್ಲ. ವಿಲಿಯಂ ಕೇರಿಯವರದು ಬಂಗಾಳದ ಶ್ರೀರಾಂಪುರದಲ್ಲಿ ಹೊರಬಂದದ್ದು 1817ರಲ್ಲಿ. ಊರವರ ಬಾಯಿಂದಲೇ ಕಲಿಯಬೇಕಿತ್ತು, ಕಲಿತರು. ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಸಿಕ್ಕಿತು. ಅವರ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಕಿಟೆಲ್ ಅವರ ಮಹಾಕೋಶ ಬರುವುದಕ್ಕೆ ಇನ್ನೂ ಅರುವತ್ತು ವರ್ಷ ಇತ್ತು. ಸಭೆಗೆ ಬಂದವರು ಕೆಲವರೇ. ಮಿಷನ್ನಿನ ಶಾಲೆಗೆ ಬಂದವರು ಬಹಳ, ಅವರಲ್ಲಿ ಹೆಚ್ಚಿನವರು ಮನೆದೇವರನ್ನು ಬಿಡಲೂ ಇಲ್ಲ. ಇದನ್ನು ಸೋಲೆಂದು ನಾನು ಎಣಿಸುವುದಿಲ್ಲ. ತನ್ನೊಳಗೆ ಸೇರದವರಿಗೂ ಏನನ್ನಾದರೂ ಕೊಟ್ಟ ಸಭೆಯನ್ನು ಊರು ತನ್ನದೆಂದು ಒಪ್ಪುತ್ತದೆ.

ಬಳ್ಳಾರಿಯ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವವರು ಸ್ಯಾಮ್ಯುಯೆಲ್ ಫ್ಲಾವೆಲ್. ಹೆಸರು ಕೇಳಿ ದೊರೆಗಳೆಂದು ತಿಳಿಯಬೇಡಿ, ಅವರು ತಮಿಳರು. ಮೊದಲು ಬೆಂಗಳೂರಿನ ದಂಡಿನಲ್ಲಿ ಸಭೆ ಕಟ್ಟಿ, ಆಮೇಲೆ ಬಳ್ಳಾರಿಗೆ ಬಂದು, ಅಲ್ಲಿನ ತಮಿಳು ಜನರ ಸಭಾಪಾಲಕರಾಗಿ ದುಡಿದು, 1847ರಲ್ಲಿ ಅಲ್ಲೇ ತೀರಿಕೊಂಡರು. ಮಿಷನ್ ಎಂದೊಡನೆ ಬಿಳಿಯರ ಹೆಸರುಗಳನ್ನಷ್ಟೇ ಹೇಳುವುದು ನಮಗೆ ರೂಢಿಯಾಗಿಬಿಟ್ಟಿದೆ. ದಂಡಿನ ಬಜಾರಿನಲ್ಲಿ ಅಡುಗೆಯವರ, ಕುದುರೆ ನೋಡಿಕೊಳ್ಳುವವರ, ಸಿಪಾಯಿಗಳ ಮನೆಮಂದಿಯ ಕಷ್ಟಸುಖ ಅವರದೇ ಮಾತಿನಲ್ಲಿ ಕೇಳುವವರು ಬೇಕಿತ್ತು. ಬೇರೆ ಬೇರೆ ಊರುಗಳಿಂದ ದುಡಿಮೆಗೆ ಬಂದವರು ಸೇರುವ ಪೇಟೆಯಲ್ಲಿ ಸಭೆಯ ಮೊದಲ ಕೆಲಸ ಅದೇ: ಕೇಳುವುದು, ಬಂದವರ ಮಾತಿನಲ್ಲಿ ಕೇಳುವುದು.

ಜನರ ಮಾತಿನಲ್ಲೇ ಸಭೆ ನಡೆಯಬೇಕೆಂಬುದು ರೋಮನ್ ಕ್ಯಾಥೊಲಿಕರಿಗೆ ಅಧಿಕೃತವಾಗಿ ಒಪ್ಪಿತವಾದದ್ದು 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯಿಂದ. ಲ್ಯಾಟಿನ್ ಪೂಜೆ ಆ ಮೇಲೆ ಕನ್ನಡಕ್ಕೆ ಬಂತು.

ಈಗ ನಮ್ಮ ಪೇಟೆಗೆ ಬರೋಣ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ಕಂಬಳಿಯ ಊರು. ಮೊಳಕಾಲ್ಮೂರು ರೇಷ್ಮೆ ಸೀರೆ ನೇಯುವ ಊರು. ಮ್ಯಾಸನಾಯಕರು, ಕುರುಬರು, ಗೊಲ್ಲರು, ಲಂಬಾಣಿಗರು, ಲಿಂಗಾಯತರು, ರೆಡ್ಡಿಗಳು, ದಲಿತರು, ಮುಸಲ್ಮಾನರು ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತಾರೆ. ಪರಶುರಾಂಪುರದ ಕಡೆಗೆ ಹೋದರೆ ತೆಲುಗು ಮನೆಮಾತು. ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಇಲ್ಲಿ ಹೊಸ ಸಭೆಯೆಂದರೆ ಹೆಚ್ಚಾಗಿ ಬಾಡಿಗೆಯ ಒಂದು ಹಾಲು, ಹಾಸಿದ ಜಮಖಾನೆ, ಒಂದು ಡೋಲಕ್ಕು, ಕೆಲವೇ ಮನೆಗಳ ಜನ.

ಹೊರಗಿನ ಮಾತು ಈ ನೆಲಕ್ಕೆ ಹೊಸದೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಬಿ. ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ಜಟಿಂಗ ರಾಮೇಶ್ವರದಲ್ಲಿ ಬೌದ್ಧ ದೊರೆಯ ಮಾತು ಇರುವುದು ಶಿವನ ಗುಡಿಯ ಪಕ್ಕದಲ್ಲೇ. ಜಾತ್ರೆಯ ಬಳೆಗಾರರು ಅಂಗಡಿ ಹೂಡುತ್ತಿದ್ದುದರಿಂದ ಆ ಬಂಡೆಗೆ ಬಳೆಗಾರರ ಗುಂಡು ಎಂದೇ ಹೆಸರಾಯಿತು, ಅಕ್ಷರಗಳೂ ಸವೆದವು. ನನಗೆ ಇದು ಬಹಳ ಇಷ್ಟ: ಹಗೆಯಿಂದ ಯಾರೂ ಕೆತ್ತಿ ಹಾಕಲಿಲ್ಲ, ಜನರ ಬದುಕು ಅದರ ಮೇಲೆ ಹಾದು ಹೋಯಿತು.

ಆದರೆ ಇಂದಿನ ತೊಡಕುಗಳನ್ನು ಮುಚ್ಚಿಡುವುದು ಸರಿಯಲ್ಲ. ಅವುಗಳಲ್ಲಿ ಒಂದರ ಬೇರು ಹಳೆಯದು. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಮೈಸೂರು ಸೀಮೆಯ ಮಿಷನ್ನುಗಳು ಅನಾಥಾಲಯ ತೆರೆದು ಎಷ್ಟೋ ಮಕ್ಕಳನ್ನು ಉಳಿಸಿದವು. ಗಂಜಿಗಾಗಿ ಮತ ಬಿಟ್ಟರು ಎಂಬ ಮಾತೂ ಜೊತೆಗೇ ಉಳಿಯಿತು. ಆದ್ದರಿಂದ ಹೊಸದಾಗಿ ಸಭೆ ಶುರುಮಾಡುವವರಿಗೆ ನನ್ನ ಕೋರಿಕೆ: ಅಕ್ಕಿ ಕೊಡುವಿರಾದರೆ ಕೊಡಿ, ಪ್ರಾರ್ಥನೆಗೂ ಅದಕ್ಕೂ ನಂಟು ಹಚ್ಚಬೇಡಿ. ರೋಗ ವಾಸಿಯಾಗುತ್ತದೆಂದು ಹೇಳಿ ಯಾರ ಮಾತ್ರೆಯನ್ನೂ ಬಿಡಿಸಬೇಡಿ.

ನಮ್ಮ ರಾಜ್ಯದ ಮತಾಂತರ ತಡೆ ಕಾಯಿದೆಯ ಬಗ್ಗೆ ಪತ್ರಿಕೆಗಳಲ್ಲಿ ಬಹಳ ಓದಿದ್ದೀರಿ. 2022ರಲ್ಲಿ ಕಾಯಿದೆ ಬಂತು, 2023ರ ಜೂನ್‌ನಲ್ಲಿ ಅದನ್ನು ರದ್ದುಮಾಡಲು ಸಚಿವ ಸಂಪುಟ ತೀರ್ಮಾನಿಸಿತು. ನಮ್ಮ ಕೇರಿಗಳನ್ನು ಅದಕ್ಕಿಂತ ಆಳವಾಗಿ ಮುಟ್ಟುವುದು 1950ರ ರಾಷ್ಟ್ರಪತಿ ಆದೇಶ. ಅದರಂತೆ ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಆ ಮೀಸಲಾತಿ ತಪ್ಪುತ್ತದೆ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಅದು ದಕ್ಕಿತು. ಪರಿಶಿಷ್ಟ ಪಂಗಡದವರಿಗೆ ಮತದ ಈ ಕಟ್ಟಳೆ ಇಲ್ಲ. ಹಾಗಾಗಿ ಒಂದೇ ಜಮಖಾನೆಯ ಮೇಲೆ ಕೂತ, ಪಂಗಡಕ್ಕೆ ಸೇರಿದ ನಾಯಕರ ಹುಡುಗನಿಗೂ ಪರಿಶಿಷ್ಟ ಜಾತಿಗೆ ಸೇರಿದ ಮಾದಿಗರ ಹುಡುಗಿಗೂ ಕಾನೂನು ಬೇರೆ ಬೇರೆ. ಆ ಹುಡುಗಿಯ ಕಾಲೇಜು ಸೀಟು, ಹಾಸ್ಟೆಲು, ನೌಕರಿ ಎಲ್ಲವೂ ಇದಕ್ಕೆ ಸಿಕ್ಕಿಕೊಂಡಿವೆ. ಸಭಾಪಾಲಕರು ಇದನ್ನು ಮನೆಯವರಿಗೆ ಮೊದಲ ದಿನವೇ ಬಿಡಿಸಿ ಹೇಳಬೇಕು. ಜಾತಿ ಬಿಟ್ಟು ಬಾ ಎನ್ನುವುದು ಸುಲಭ. ಬಂದವಳ ಜೊತೆ ಕೊನೆತನಕ ನಿಲ್ಲುವುದು ಕಷ್ಟ.

ಊರವರಲ್ಲೂ ಒಂದು ಮಾತು. ಮತ ಪಾಲಿಸುವ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿ ಎಲ್ಲರಿಗೂ ಸೇರಿದ್ದು. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇರುವ ತಡೆ ಗುಡಿಗೂ ಮಸೀದಿಗೂ ಚರ್ಚಿಗೂ ಒಂದೇ. ತಕರಾರಿದ್ದರೆ ಪಾಸ್ಟರನ್ನು ಕರೆದು ಕೂರಿಸಿ ಮಾತಾಡಿ, ಬಾಗಿಲ ಮುಂದೆ ಗುಂಪು ಕಟ್ಟಿ ನಿಲ್ಲಬೇಡಿ.

ಕೊನೆಯದಾಗಿ ಮಣ್ಣಿನ ವಿಷಯ. ಬಾಡಿಗೆ ಹಾಲಿನಲ್ಲಿ ವರ್ಷಗಟ್ಟಲೆ ಪ್ರಾರ್ಥನೆ ಮಾಡಬಹುದು, ಬಾಡಿಗೆ ನೆಲದಲ್ಲಿ ಹೂಳಲಾಗುವುದಿಲ್ಲ. ಹೊಸ ಸಭೆಯಲ್ಲಿ ಮೊದಲ ಸಾವಾದ ದಿನ, ಹೆಣ ಮನೆಯಲ್ಲಿಟ್ಟುಕೊಂಡು ಜಾಗಕ್ಕಾಗಿ ಅಲೆಯುವ ಪಾಡು ಯಾರಿಗೂ ಬರಬಾರದು. ಸಭೆಯ ಹಿರಿಯರು ಅರ್ಜಿ ಕೊಡುವುದಕ್ಕೆ ಸಾವಿನ ತನಕ ಕಾಯಬಾರದು. ನಗರಸಭೆ, ಪಟ್ಟಣ ಪಂಚಾಯಿತಿಯ ಸದಸ್ಯರು ಇಲ್ಲಿ ಇದ್ದರೆ, ಅಂಥ ಅರ್ಜಿ ಬಂದಾಗ ದಯವಿಟ್ಟು ತಹಶೀಲ್ದಾರರವರೆಗೆ ಜೊತೆಯಲ್ಲಿ ಹೋಗಿ ಬನ್ನಿ.