ಡಂಗುರ ಈಗ ನಮ್ಮ ಮಾತಿಗೆ

(ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕೇರಿ ಸಭೆಗಳಲ್ಲಿ ಆಡಿದ ಮಾತು)



ಈ ದೇಶದಾಗ ಕೊರೊನಾದಿಂದ ಸತ್ತ ಮೊದಲ ಮನುಷ್ಯ ನಮ್ಮ ಕಲಬುರಗಿಯವರು. 76 ವರ್ಷದ ಆ ಹಿರಿಯರು ತೀರಿಕೊಂಡದ್ದು 2020ರ ಮಾರ್ಚ್ 10ರಂದು. ರೋಗ ನಮ್ಮ ಹಳ್ಳಿ ಮುಟ್ಟುವ ಮೊದಲೇ ಸುಳ್ಳು ಬಂದು ಕಟ್ಟೆ ಮ್ಯಾಲೆ ಕೂತಿತ್ತು. ಕೋಳಿ ತಿಂದ್ರ ಬರ್ತದ ಅಂದರು. ನಮ್ಮ ಬಿಸಿಲಿಗೆ ಅದು ಬದುಕಂಗಿಲ್ಲ ಅಂದರು. ಸಾಬರು ಹರಡ್ತಾರ ಅಂದರು. ನಾವೂ ಕೆಲವನ್ನ ನಂಬಿದೆವು. ಅದನ್ನ ಮೊದಲು ಒಪ್ಪಿಕೊಂಡೇ ಮಾತಾಡಬೇಕು.

ರೋಗ ಉಸಿರಿನಾಗ ಬರುವಂಥಾದ್ದು. ಆಳಂದದ ಲಾಡ್ಲೆ ಮಶಾಯಕ ದರ್ಗಾಕ್ಕೂ ಗಾಣಗಾಪುರದ ದತ್ತನ ಗುಡಿಗೂ ಇರುವುದು ಒಂದೇ ಗಾಳಿ. ಗಾಳಿಗೆ ಜಾತಿಯಿಲ್ಲ, ಧರ್ಮವಿಲ್ಲ. ಇಷ್ಟು ಸರಳ ಮಾತನ್ನ ನಮ್ಮ ಓಣಿಗೆ ಬಂದು ಹೇಳುವವರು ಇರಲಿಲ್ಲ.

ಕೊರೊನಾಕ್ಕಿಂತ ಮೊದಲಿನ ಮಾತು ನೆನಪು ಮಾಡಿಕೊಳ್ಳಿ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಪಕ್ಕದ ತಾಜಸುಲ್ತಾನಪುರದಾಗ ಅಂಗವಿಕಲ ಮಕ್ಕಳನ್ನ ಕುತ್ತಿಗೆಮಟ ಮಣ್ಣಿನಾಗ ಹೂತು ನಿಲ್ಲಿಸಿದರು. ಮಕ್ಕಳಿಗೆ ಗುಣ ಆಗ್ತದಂತ. ಆ ತಾಯಂದಿರನ್ನ ಬೈದರೆ ಏನು ಬಂತು? ಮಗುವಿಗೆ ಡಾಕ್ಟರು ಸಿಗದ ಕಡೆ ಗ್ರಹಣವೇ ಡಾಕ್ಟರಾಗ್ತದ.

ಇನ್ನೊಂದು ಸುಳ್ಳು ನಮ್ಮ ಎದೆಗೇ ಇರಿದದ್ದು. ‘ಸಾಮಾಜಿಕ ಅಂತರ’ ಅಂತ ಸರ್ಕಾರ ಡಂಗುರ ಸಾರಿದ ಕೂಡಲೇ ಕೆಲವರಿಗೆ ಖುಷಿಯಾಯಿತು. ನೋಡ್ರೀ, ನಮ್ಮ ಮಡಿ ಮೈಲಿಗೆಯಾಗ ವಿಜ್ಞಾನ ಇತ್ತು ಅಂದರು. ಯಾವ ವಿಜ್ಞಾನ? ಆರು ಅಡಿ ದೂರ ನಿಲ್ಲು ಅಂದದ್ದು ರೋಗ ಇರೋತನಕ, ಎಲ್ಲರಿಗೂ. ಅಸ್ಪೃಶ್ಯತೆ ಹುಟ್ಟಿನಿಂದ ಸಾವಿನತನಕ, ನಮಗೆ ಮಾತ್ರ. 1927ರಲ್ಲಿ ಬಾಬಾಸಾಹೇಬರು ನಮ್ಮ ಜನರೊಂದಿಗೆ ಮಹಾಡದ ಚವದಾರ ಕೆರೆ ನೀರು ಕುಡಿದರು. ಸವರ್ಣೀಯರು ಶೆಗಣಿ, ಗಂಜಳ ಸುರಿದು ಆ ಕೆರೆಯನ್ನ ‘ಶುದ್ಧಿ’ ಮಾಡಿದರು. 2020ರ ಮಾರ್ಚ್ 14ರಂದು ದೆಹಲಿಯಲ್ಲಿ ಅದೇ ಗಂಜಳವನ್ನ ಕೊರೊನಾಕ್ಕೆ ಔಷಧ ಅಂತ ಕೂಟ ಕಟ್ಟಿ ಕುಡಿದರು. ಅಂದು ನಮ್ಮ ಮುಟ್ಟು ತೊಳೆಯಲಿಕ್ಕೆ, ಇಂದು ವೈರಸ್ಸು ತೊಳೆಯಲಿಕ್ಕೆ!

ಲಸಿಕೆ ಶುರುವಾದದ್ದು 2021ರ ಜನವರಿ 16ರಂದು. ‘ಸೂಜಿ ಹಾಕಿಸಿಕೊಂಡ್ರ ಎರಡು ವರ್ಷದಾಗ ಸಾಯ್ತಾರ, ಮಕ್ಕಳಾಗಂಗಿಲ್ಲ’ ಅನ್ನೋ ಸುದ್ದಿ ಮೊಬೈಲಿನಾಗ ಓಡಾಡಿತು. ಆಶಾ ಅಕ್ಕಗಳು ಬಂದ್ರ ನಮ್ಮವರು ಬಾಗಿಲು ಹಾಕಿ ಹೊಲಕ್ಕೆ ಹೋದರು. ಅವರನ್ನ ದಡ್ಡರು ಅಂದವರುಂಟು. ನಾವು ಅನ್ನುವುದಿಲ್ಲ. 1975-77ರ ತುರ್ತು ಪರಿಸ್ಥಿತಿಯಲ್ಲಿ ಈ ದೇಶದ ಬಡವರನ್ನ ಹಿಡಿದೊಯ್ದು ಮಕ್ಕಳಾಗದಂತೆ ಆಪರೇಷನ್ ಮಾಡಿದ್ದನ್ನ ಹಿರಿಯರು ಮರೆತಿಲ್ಲ. ನಾಡಿ ಮುಟ್ಟದೆ ದೂರದಿಂದಲೇ ಚೀಟಿ ಎಸೆದವರನ್ನೂ ನಾವು ಕಂಡೀವಿ. ಭಯಕ್ಕೆ ಬೇರು ಇತ್ತು.

ಆದರ ಈ ಸೂಜಿ ಆ ಆಪರೇಷನ್ ಅಲ್ಲ. ಕೊವ್ಯಾಕ್ಸಿನ್‌ನಾಗ ಇದ್ದದ್ದು ಕೊಂದ ವೈರಸ್ಸು. ಕೋವಿಶೀಲ್ಡ್‌ನಾಗ ಇದ್ದದ್ದು ಮೈಯಾಗ ಬೆಳೆಯದಂತೆ ಮಾಡಿದ ಬೇರೆ ವೈರಸ್ಸು. ಕೊರೊನಾದ ಮೈಮೇಲಿನ ಮುಳ್ಳನ್ನ ಅದು ನಮ್ಮ ದೇಹಕ್ಕೆ ಗುರುತು ಮಾಡಿಸ್ತದ. ಕಳ್ಳ ಬರುವ ಮೊದಲೇ ಅವನ ಮುಖ ತೋರಿಸಿದ ಹಾಂಗ. ಒಂದೆರಡು ದಿನ ಜ್ವರ, ಮೈಕೈ ನೋವು ಬಂದದ್ದು ದೇಹ ಕಲಿಯುವಾಗಿನ ತ್ರಾಸು. ಅತಿ ವಿರಳವಾಗಿ ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟಿದ್ದೂ ಖರೆ. ಅದನ್ನ ಮುಚ್ಚಿಟ್ಟರೆ ಸುಳ್ಳಿಗೇ ಬಲ. ಸಿಡುಬನ್ನ ದೇವಿ ಅಂತ ಕೈ ಮುಗಿದ ಜನ ನಾವು. ಆ ರೋಗ ಲೋಕದಿಂದಲೇ ತೊಲಗಿತೆಂದು 1980ರಲ್ಲಿ ಸಾರಿದರು. ತೊಲಗಿಸಿದ್ದು ಲಸಿಕೆ.

ಹಾಗಾದ್ರ ನಮ್ಮ ಕೆಲಸ ಏನು? ತಲೆತಲಾಂತರದಿಂದ ನಮ್ಮ ಕೈಯಾಗ ಹಲಗಿ ಕೊಟ್ಟು ಊರ ಗೌಡರ ಮಾತು ಸಾರಿಸಿದರು. ಇನ್ನು ನಮಗೆ ಗೊತ್ತಾದ ಮಾತನ್ನ ನಾವೇ ಸಾರೋಣ. ಕೂಲಿಗೆ ಹೋಗುವ ಮೊದಲು ಮುಂಜಾನೆ, ನಮ್ಮದೇ ಮಾತಿನಾಗ. ಮೊಬೈಲಿನಾಗ ಸುದ್ದಿ ಬಂದ್ರ ಮುಂದಕ್ಕೆ ತಳ್ಳುವ ಮೊದಲು ಮೂರು ಪ್ರಶ್ನೆ ಕೇಳೋಣ: ಯಾರು ಹೇಳಿದ್ದು? ಅವರಿಗೆ ಹ್ಯಾಂಗ ಗೊತ್ತು? ಇದರಿಂದ ಯಾರಿಗೆ ಲಾಭ? ದವಾಖಾನೆಯವರನ್ನ ಓಣಿಗೆ ಕರೆದು ಎದುರಿಗೆ ಕೂಡಿಸಿ ಇದೇ ಪ್ರಶ್ನೆ ಕೇಳೋಣ. ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರಜೆಯ ಕರ್ತವ್ಯ ಅಂತ ಸಂವಿಧಾನದ 51ಎ ಕಲಮು ಹೇಳ್ತದ. ನಮ್ಮ ಹಳ್ಳಿಗೆ ಡಾಕ್ಟರನ್ನ ಕೊಡ್ರೀ ಅಂತ ಕೇಳುವುದೂ ಅದೇ ಕರ್ತವ್ಯದ ಭಾಗ.

ಕಡೆಯ ಮಾತು. 1897ರಲ್ಲಿ ಪುಣೆಗೆ ಪ್ಲೇಗು ಬಂದಾಗ ಸಾವಿತ್ರಿಬಾಯಿ ಫುಲೆ ರೋಗ ತಗುಲಿದ ಮಹಾರ ಹುಡುಗನನ್ನ ಬೆನ್ನ ಮ್ಯಾಲೆ ಹೊತ್ತು ಮಗ ಯಶವಂತನ ದವಾಖಾನೆಗೆ ತಂದರು. ಆ ತಾಯಿಗೂ ಪ್ಲೇಗು ತಗುಲಿತು. ಅವರು ತೀರಿಕೊಂಡದ್ದೂ ಮಾರ್ಚ್ 10ರಂದೇ. ಆ ದಿನ ಬಂದಾಗ ಈ ಮಾತನ್ನ ನಮ್ಮ ಮಕ್ಕಳಿಗೆ ಹೇಳೋಣ.

ಜೈ ಭೀಮ್.