ಬೆಟ್ಟದ ಬೆಳೆಗೆ ತೊಕ್ಕೊಟ್ಟಿನಲ್ಲೊಂದು ಪುಟ್ಟ ಮೇಳ



ಘಟ್ಟದಲ್ಲಿ ಹುಟ್ಟುವ ನೇತ್ರಾವತಿಯು ಮಂಗಳೂರು ಮತ್ತು ಉಳ್ಳಾಲಗಳ ನಡುವೆ ಕಡಲನ್ನು ಸೇರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟದ ಮೇಲಿನ ಕಾಫಿ ಬಂಟ್ವಾಳಕ್ಕೆ ಇಳಿದು, ಅಲ್ಲಿಂದ ದೋಣಿಯಲ್ಲಿ ಮಂಗಳೂರಿಗೆ ಸಾಗುತ್ತಿತ್ತು. ಇಂದು ಸರಕು ಲಾರಿಯೇರಿ ಬರುತ್ತದೆ. ಆದರೆ ಹಪ್ಪಳ ಒತ್ತಿದ ತಾಯಿಗೆ ಅದು ಪೇಟೆಯಲ್ಲಿ ಯಾವ ದರಕ್ಕೆ ಹೋಯಿತೆಂದು ತಿಳಿಯದು. ಕೊಂಡವರಿಗೆ ಹಲಸು ಯಾವ ಊರಿನದೆಂದು ತಿಳಿಯದು. ಈ ಅಂತರವನ್ನು ಒಂದು ದಿನದ ಮಟ್ಟಿಗಾದರೂ ಅಳಿಸುವುದು ಸ್ಥಳೀಯ ಮೇಳಗಳ ಮೊದಲ ಕೆಲಸ.

ಇದಕ್ಕೆ ಮೇಲ್ಪಂಕ್ತಿಗಳಿವೆ. ಶಿರಸಿಯಲ್ಲಿ 2001ರಲ್ಲಿ ಆರಂಭವಾದ ವನಸ್ತ್ರೀ ಬಳಗವು ಮಲೆನಾಡ ಮೇಳದ ಮೂಲಕ ಹಿತ್ತಿಲ ತೋಟದ ಹೆಣ್ಣುಮಕ್ಕಳ ಬೀಜಗಳನ್ನೂ ತಿನಿಸುಗಳನ್ನೂ ಜನರ ಮುಂದಿಟ್ಟಿತು. ಪುತ್ತೂರಿನಿಂದ 1988ರಲ್ಲಿ ಹೊರಟ ಅಡಿಕೆ ಪತ್ರಿಕೆಯು ಹಲಸಿನ ಮೌಲ್ಯವರ್ಧನೆಯ ಮಾತನ್ನು ಮನೆಮನೆಗೆ ಮುಟ್ಟಿಸಿತು. ಮಂಗಳೂರಿನಲ್ಲಿ ಸಾವಯವ ಕೃಷಿಕ ಗ್ರಾಹಕ ಬಳಗವು ರವಿವಾರದ ಸಂತೆಯನ್ನು ಕಟ್ಟಿತು.

ಇಂತಹ ವ್ಯಾಪಾರಕ್ಕೂ ಪರಿಸರಕ್ಕೂ ನಂಟಿದೆ. ಹಣ್ಣು ಕೊಳೆತು ಬೀಳುವ ಹಲಸಿನ ಮರವು ದಿಮ್ಮಿಯಾಗಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದೇ ಮರ ಹಪ್ಪಳ, ಉಪ್ಪುಸೊಳೆ, ಚಿಪ್ಸ್‌ಗಳಾಗಿ ವರ್ಷವರ್ಷವೂ ಮನೆಗೆ ನಾಲ್ಕು ಕಾಸು ತಂದರೆ ಕೊಡಲಿ ತಾನಾಗಿ ಹಿಂದೆ ಸರಿಯುತ್ತದೆ.

ತೊಕ್ಕೊಟ್ಟು ಇದಕ್ಕೆ ತಕ್ಕ ತಾಣ. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಹಾದುಹೋಗುತ್ತದೆ. ಉಳ್ಳಾಲದ ದಾರಿಯೂ, ದೇರಳಕಟ್ಟೆಯ ಮೂಲಕ ಕೊಣಾಜೆಯ ವಿಶ್ವವಿದ್ಯಾನಿಲಯಕ್ಕೆ ಹೋಗುವ ದಾರಿಯೂ ಇಲ್ಲಿಯೇ ಕವಲೊಡೆಯುತ್ತವೆ. ಮೀನುಗಾರರು, ಕಾರ್ಮಿಕರು, ವಿದ್ಯಾರ್ಥಿಗಳು ನಿತ್ಯವೂ ಬಸ್ಸಿಗೆ ಕಾಯುವ ಊರಿದು.

ಮೇಳವು ಚಿಕ್ಕದಾಗಿರಲಿ, ಇಪ್ಪತ್ತು ಮಳಿಗೆಗಳು ಸಾಕು. ಬೇಸಗೆಯ ಕೊನೆಗೆ ಹಲಸು ಮತ್ತು ಪುನರ್ಪುಳಿ, ಆಟಿಯಲ್ಲಿ ಸೊಪ್ಪು ಮತ್ತು ಪತ್ರೊಡೆ, ಚಳಿಗಾಲದಲ್ಲಿ ಗೆಡ್ಡೆಗೆಣಸು ಎಂದು ಋತುವೇ ದಿನವನ್ನು ಗೊತ್ತುಮಾಡಲಿ. ತಯಾರಿಸಿದವರೇ ಮಳಿಗೆಯಲ್ಲಿ ಕೂರಲಿ. ಮಧ್ಯವರ್ತಿಗಳಿಗೆ ಎಡೆ ಬೇಡ. ಮಳಿಗೆಯ ಬಾಡಿಗೆಯು ಬಡ ಕುಟುಂಬಕ್ಕೆ ಹೊರೆಯಾಗದಿರಲಿ. ತಕ್ಕಡಿ ಮುದ್ರೆಯದಾಗಿರಲಿ. ತಿನಿಸು ಮಾರುವವರು 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಮಾಡಿಸಿಕೊಳ್ಳಲು ಕಾಲೇಜು ವಿದ್ಯಾರ್ಥಿಗಳು ನೆರವಾಗಬಹುದು. ಒಮ್ಮೆ ಬಳಸಿ ಎಸೆಯುವ ಹಲವು ಬಗೆಯ ಪ್ಲಾಸ್ಟಿಕ್ ವಸ್ತುಗಳನ್ನು ದೇಶದಲ್ಲಿ 2022ರ ಜುಲೈಯಿಂದ ನಿಷೇಧಿಸಲಾಗಿದೆ. ಬಾಳೆಲೆಯೂ ಬಟ್ಟೆಯ ಚೀಲವೂ ಇಲ್ಲಿ ಸಾಕು.

ಎಲ್ಲಕ್ಕಿಂತ ಮುಖ್ಯವಾದುದು ಒಂದು ಪುಸ್ತಕ. ಯಾರು ಏನನ್ನು ಕೇಳಿದರು, ಯಾವುದು ಸಾಲದೆ ಹೋಯಿತು, ಮತ್ತೆ ಬೇಕೆಂದವರ ವಿಳಾಸವೇನು ಎಂಬುದನ್ನು ಅದರಲ್ಲಿ ಬರೆದಿಡಬೇಕು. ಒಂದು ದಿನದ ಮಾರಾಟವು ಸಂಜೆಗೆ ಮುಗಿಯುತ್ತದೆ. ವರ್ಷದ ಗಿರಾಕಿಗಳು ಆ ಪುಟಗಳಲ್ಲಿ ಉಳಿಯುತ್ತಾರೆ.

ಆದರೆ ಎಚ್ಚರವೊಂದು ಅಗತ್ಯ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಅಪ್ಪೆಮಿಡಿಗೆ ಬೇಡಿಕೆ ಹೆಚ್ಚಿದಂತೆ, ಹೊಳೆದಂಡೆಯ ಮಾವಿನ ಕೊಂಬೆಗಳನ್ನೇ ಕಡಿದು ಮಿಡಿ ಕೊಯ್ಯುವವರೂ ಹುಟ್ಟಿಕೊಂಡರು. ಬೇಡಿಕೆಯು ಮರವನ್ನು ಉಳಿಸಬಲ್ಲುದು, ಉರುಳಿಸಲೂಬಲ್ಲುದು. ಆದುದರಿಂದ ಪ್ರತಿ ಮಳಿಗೆಯ ಮುಂದೆಯೂ ಬೆಲೆಯ ಜೊತೆಗೆ, ಸರಕನ್ನು ಎಲ್ಲಿಂದ, ಹೇಗೆ ಕೊಯ್ದು ತಂದರೆಂಬುದನ್ನೂ ಬರೆದಿರಬೇಕು. ಉತ್ತರಿಸಲಾಗದ ಸರಕಿಗೆ ಮೇಳದಲ್ಲಿ ಜಾಗವಿರಬಾರದು.

ಗಲ್ಲಾಪೆಟ್ಟಿಗೆಯ ತೂಕದಿಂದ ಮಾತ್ರ ಮೇಳದ ಯಶಸ್ಸನ್ನು ಅಳೆಯಲಾಗದು. ಮರುವರ್ಷ ಅದೇ ಮರದ ಕಾಯಿ, ಅದೇ ಕೈಯ ಹಪ್ಪಳ ತೊಕ್ಕೊಟ್ಟಿಗೆ ಮರಳಿ ಬಂದರೆ ಮೇಳವು ಗೆದ್ದಂತೆ.